ನಿಮ್ಮ ಕಡೆಯ ಹೆಂಗಸರು

ಉರ್ವಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರಾದರೂ ಅಂದರೆ ಅದು ಶುದ್ಧ ಸುಳ್ಳು. ಜಾಮ್‌ನಗರದಲ್ಲಿ ಬಿ.ಕಾಂ. ಮುಗಿಸಿದವಳು, ಎದುರಿನವರು ಆಡಿದ ಒಂದೊಂದು ಮಾತೂ ಅವಳಿಗೆ ತಿಳಿಯುತ್ತಿತ್ತು. ತೊಂದರೆ ಇದ್ದದ್ದು ಉತ್ತರ ಕೊಡುವುದರಲ್ಲಿ. ಮನಸ್ಸಿನಲ್ಲಿ ವಾಕ್ಯ ಜೋಡಿಸಿ, ಅದನ್ನೊಮ್ಮೆ ತಿರುವಿ ನೋಡಿ, ಸರಿಯಿದೆ ಎಂದು ಬಾಯಿ ತೆರೆಯುವಷ್ಟರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನ ಜನ ಬೇರೆ ವಿಷಯಕ್ಕೆ ಹೋಗಿಬಿಟ್ಟಿರುತ್ತಿದ್ದರು. ಅದರಲ್ಲೂ ಗಂಡನ ಅಕ್ಕ ಫಾಲ್ಗುಣಿ ಪಕ್ಕದಲ್ಲಿದ್ದರೆ ಮುಗಿದೇಹೋಯಿತು. ಆಕೆ ಮಾತಾಡುತ್ತಿರುವ ಕೋಣೆಯಲ್ಲಿ ಮಿಕ್ಕವರಿಗೆ ಉಸಿರಾಡಲು ಜಾಗ ಸಿಕ್ಕರೆ ಅದೇ ಹೆಚ್ಚು.

ಫಾಲ್ಗುಣಿ ಕೆಟ್ಟವಳು ಎಂದು ಯಾರೂ ಹೇಳುವಂತಿಲ್ಲ. ಕೆಟ್ಟವಳಾಗಿದ್ದರೆ ಉರ್ವಿಯ ಕೆಲಸ ಎಷ್ಟೋ ಸುಲಭವಾಗುತ್ತಿತ್ತು. ಲೆಸ್ಟರ್‌ನಲ್ಲೇ ಹುಟ್ಟಿ ಬೆಳೆದ ವಕೀಲೆ. ಗುಜರಾತಿಗಳೇ ತುಂಬಿರುವ ಬೆಲ್‌ಗ್ರೇವ್ ಕಡೆಯ ಯಾವ ಮುದುಕಿಯನ್ನು ಬ್ಯಾಂಕಿನವನು ಗದರಿದರೂ, ಯಾವ ಹುಡುಗನನ್ನು ಕೆಲಸದಿಂದ ತೆಗೆದರೂ ಮೊದಲು ಫೋನು ಹೋಗುವುದು ಇವಳಿಗೆ. ತಮ್ಮನ ಹೆಂಡತಿ ಬಸುರಿ ಎಂದು ಗೊತ್ತಾದ ದಿನದಿಂದ ಒಂದು ತಪಾಸಣೆಗೂ ತಪ್ಪದೆ, ಕಚೇರಿಗೆ ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದವಳು. ಅಂಥವಳ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ?

ಜನವರಿಯ ಮೊದಲ ವಾರ ಆಸ್ಪತ್ರೆಗೆ ಹೋದಾಗ ಉರ್ವಿಗೆ ಮೂವತ್ತೊಂಬತ್ತು ವಾರ ತುಂಬಿತ್ತು. ಡಾಕ್ಟರ್ ಹ್ಯಾಲೆಟ್ ಇನ್ನೂ ಚಿಕ್ಕ ವಯಸ್ಸಿನವನು. ಮಾತಿಗೆ ಮುಂಚೆ ಕಿವಿ ಕೆಂಪಾಗುವ ಜಾತಿ. ಹೊಟ್ಟೆ ಮುಟ್ಟಿ ನೋಡಿದ, ಕಂಪ್ಯೂಟರ್ ನೋಡಿದ, ಕುರ್ಚಿಯನ್ನು ಸ್ವಲ್ಪ ಮುಂದಕ್ಕೆಳೆದುಕೊಂಡ.

"ಒಂದು ವಿಷಯ ಹೇಳ್ಬೇಕು. ನಿಮ್ಮ ಕಡೆಯ ಹೆಂಗಸರಿಗೆ, ಅಂದ್ರೆ ಇಂಡಿಯಾ, ಪಾಕಿಸ್ತಾನ, ಆ ಕಡೆಯಿಂದ ಬಂದವರಿಗೆ, ಬಸಿರು ಸ್ವಲ್ಪ ಬೇಗ ಮಾಗುತ್ತೆ ಅಂತ ಕಾಣುತ್ತೆ. ಬಿಳಿಯರು ನಲವತ್ತೊಂದು ವಾರದವರೆಗೆ ಆರಾಮಾಗಿ ಕಾಯ್ತಾರೆ. ನಿಮ್ಮವರಲ್ಲಿ ಅಷ್ಟು ಕಾದಾಗ ಮಗು ಹೊಟ್ಟೆಯಲ್ಲೇ ಹೋಗಿಬಿಡೋದು ಜಾಸ್ತಿ. ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಅದಕ್ಕೇ, ನೀವು ಒಪ್ಪಿದ್ರೆ, ಈ ವಾರವೇ ಔಷಧಿ ಕೊಟ್ಟು ನೋವು ಬರಿಸಬಹುದು."

ಉರ್ವಿಗೆ ಜಾಮ್‌ನಗರದ ಚಿಕ್ಕಮ್ಮನ ನೆನಪಾಯಿತು. ದಿನ ತುಂಬಿ, ಬಾಣಂತನದ ಶುಂಠಿ ಉಂಡೆಯನ್ನೂ ಕಟ್ಟಿಟ್ಟುಕೊಂಡಿದ್ದ ಚಿಕ್ಕಮ್ಮ ಬರಿಗೈಯಲ್ಲಿ ಮನೆಗೆ ಬಂದಿದ್ದಳು. ಆ ಮಗುವಿನ ಬಗ್ಗೆ ಮನೆಯಲ್ಲಿ ಯಾರೂ ಮತ್ತೆ ಮಾತೆತ್ತಲಿಲ್ಲ. ಉರ್ವಿ ಮನಸ್ಸಿನಲ್ಲೇ ವಾಕ್ಯ ಜೋಡಿಸತೊಡಗಿದಳು. ಹೌದು ಡಾಕ್ಟರ್, ನನಗೆ ಒಪ್ಪಿಗೆ, ಈ ವಾರವೇ ಮಾಡಿಬಿಡಿ. 'ಒಪ್ಪಿಗೆ' ಎನ್ನುವ ಕಡೆ ಯಾವ ಪದ ಹಾಕಬೇಕೆಂದು ಒಂದು ಗಳಿಗೆ ತಡೆದದ್ದೇ ತಪ್ಪಾಯಿತು.

"ಒಂದ್ನಿಮಿಷ," ಎಂದಳು ಫಾಲ್ಗುಣಿ. "ನಿಮ್ಮ ಕಡೆಯ ಹೆಂಗಸರು ಅಂದ್ರೆ ಯಾರು?"

ಡಾಕ್ಟರ ಕಿವಿ ಕೆಂಪಾಯಿತು. "ಅಂದ್ರೆ... ದಕ್ಷಿಣ ಏಷ್ಯಾದ—"

"ನಾನು ಇದೇ ಊರಲ್ಲಿ ಹುಟ್ಟಿದವಳು. ನಾನು ಯಾವ ಕಡೆ? ನಿಮ್ಮ ಕಡೆನಾ, ಅವರ ಕಡೆನಾ?"

"ನನ್ನ ಮಾತಿನ ಅರ್ಥ ಹಾಗಲ್ಲ..."

"ಹೋದ ತಿಂಗಳು ನಿಮ್ಮ ನರ್ಸ್ ಟೇಪು ಹಿಡಿದು ಇವಳ ಹೊಟ್ಟೆ ಅಳೆದ್ರು. ಮಗು ಸಣ್ಣ ಇದೆಯಲ್ಲ ಅಂತ ನಾನೇ ಕೇಳ್ದೆ. ಏನಂದ್ರು ಗೊತ್ತಾ? ನಿಮ್ಮ ಜನಕ್ಕೆ ಸಣ್ಣದೇ ಸರಿ, ಕಂಪ್ಯೂಟರಿನಲ್ಲಿ ನಿಮ್ಮ ಜನಾಂಗ ಹಾಕಿದ್ರೆ ಬೆಳವಣಿಗೆಯ ಗೆರೆ ಕೆಳಗಿಳಿಯುತ್ತೆ, ಅದರ ಪ್ರಕಾರ ಎಲ್ಲ ನೆಟ್ಟಗಿದೆ ಅಂದ್ರು. ಆವತ್ತು ನಮ್ಮ ಜನ ಅಂತ ನಿಶ್ಚಿಂತೆ. ಇವತ್ತು ನಮ್ಮ ಜನ ಅಂತ ಅಪಾಯ. ಯಾವುದಾದ್ರೂ ಒಂದು ಹೇಳಿ ಡಾಕ್ಟ್ರೇ."

ನಿಜ ಹೇಳಬೇಕೆಂದರೆ ಇದಕ್ಕೆ ಒಳ್ಳೆಯ ಉತ್ತರ ಯಾರ ಹತ್ತಿರವೂ ಇಲ್ಲ. ಡಾಕ್ಟರ್ ಪೆನ್ನು ಎತ್ತಿ ಇಟ್ಟ.

"ಬಿಳಿ ಹೆಂಗಸೊಬ್ಬಳು ಇದೇ ವಾರದಲ್ಲಿ ಬಂದ್ರೆ ನೋವು ಬರಿಸ್ತೀನಿ ಅಂತೀರಾ?"

"ಬೇರೆ ತೊಂದರೆ ಏನೂ ಇಲ್ಲದಿದ್ರೆ ಅನ್ನೋಲ್ಲ."

"ಹಾಗಿದ್ರೆ ಇವಳಿಗೂ ಬೇಡ. ಚರ್ಮದ ಬಣ್ಣ ನೋಡಿ ಔಷಧಿ ಕೊಡೋ ಕಾಲ ಹೋಯ್ತು. ಎಲ್ಲರಿಗೂ ಏನೋ, ನಮಗೂ ಅದೇ."

"ಇದು ಬರೀ ಸಲಹೆ ಅಷ್ಟೆ," ಎಂದ ಡಾಕ್ಟರ್. ದೂರು, ವಿಚಾರಣೆ, ವೃತ್ತಪತ್ರಿಕೆ, ಎಲ್ಲ ಅವನ ಮುಖದ ಮೇಲೆ ಹಾದುಹೋದವು. "ಬಲವಂತ ಇಲ್ಲವೇ ಇಲ್ಲ. ನಿರ್ಧಾರ ಪೂರ್ತಿ ನಿಮ್ಮದು."

'ನಿಮ್ಮದು' ಎಂದು ಅವನು ಹೇಳಿದ್ದು ಫಾಲ್ಗುಣಿಯ ಮುಖ ನೋಡಿಕೊಂಡು. ಬಸುರಿ ಪಕ್ಕದ ಕುರ್ಚಿಯಲ್ಲಿದ್ದಳು. ಫಾಲ್ಗುಣಿ ಅವಳ ಕೈಯನ್ನು ಮೆಲ್ಲಗೆ ಒತ್ತಿದಳು, ಹೆದರಬೇಡ ನಾನಿದ್ದೇನೆ ಎನ್ನುವ ಹಾಗೆ. ಆ ಕೈ ಕೊಡವಿ, ಗಂಡನ ಅಕ್ಕನ ಮಾತನ್ನು ಹೊರಗಿನವರೆದುರು ತಳ್ಳಿಹಾಕುವುದು ಉರ್ವಿಯ ಕೈಲಾಗಲಿಲ್ಲ. ಹಾಗೆ ಮಾಡಿದ ಸೊಸೆಯನ್ನು ಅವಳು ಜಾಮ್‌ನಗರದಲ್ಲೂ ನೋಡಿರಲಿಲ್ಲ, ಲೆಸ್ಟರ್‌ನಲ್ಲೂ ನೋಡಿರಲಿಲ್ಲ. ಜೋಡಿಸಿಟ್ಟ ವಾಕ್ಯ ಮನಸ್ಸಿನಲ್ಲೇ ಉಳಿಯಿತು.

ಕಾರಿನಲ್ಲಿ ಕೂತ ಮೇಲೆ ಅವಳು ಗುಜರಾತಿಯಲ್ಲಿ ಬಾಯಿಬಿಟ್ಟಳು. "ಬೆನ್," ಎಂದು ಅಕ್ಕನನ್ನು ಕರೆದಳು, "ಆದ್ರೂ ಡಾಕ್ಟ್ರು ಹೇಳಿದ್ದರಲ್ಲಿ ಏನಾದ್ರೂ ಇರಬಹುದಲ್ವಾ? ನನಗೆ ಈ ವಾರವೇ ಆಗಿಬಿಟ್ರೆ ಒಳ್ಳೇದು ಅನ್ಸುತ್ತೆ."

"ಅವರು ಹೆದರಿಸ್ತಾರೆ ಉರ್ವಿ, ನೀನು ಹೆದರ್ತೀಯ. ಅಷ್ಟೇ ನಡೀತಿರೋದು." ಫಾಲ್ಗುಣಿ ಗೇರ್ ಬದಲಿಸಿದಳು. "ಮಮ್ಮಿ ನನ್ನನ್ನ ಹೆರುವಾಗ ಏನಾಯ್ತು ಗೊತ್ತಾ? ನೋವು ತಡೀಲಾರದೆ ಕೂಗಿದ್ರೆ ನರ್ಸುಗಳು ಬಾಗಿಲಲ್ಲಿ ನಿಂತು, ಏಷ್ಯಾದವರು ಹೀಗೇ, ಸುಮ್ಮಸುಮ್ಮನೆ ಕೂಗ್ತಾರೆ ಅಂತ ನಗ್ತಿದ್ರಂತೆ. ಅರ್ಧ ದಿನ ಯಾರೂ ಹತ್ತಿರ ಬರ್ಲಿಲ್ಲ. ಈಗಲೂ ಆ ಮಾತು ಬಂದ್ರೆ ಮಮ್ಮಿ ಎದ್ದು ಒಳಗೆ ಹೋಗ್ತಾರೆ. ನಿನಗೆ ಹಾಗಾಗೋಕೆ ನಾನು ಬಿಡೋಲ್ಲ."

ಫಾಲ್ಗುಣಿಯ ಕಣ್ಣಲ್ಲಿ ನೀರಿತ್ತು. ಮೆಲ್ಟನ್ ರಸ್ತೆಯಲ್ಲಿ ಕಾರು ನಿಲ್ಲಿಸಿ, ಬಿಸಿ ಜಿಲೇಬಿ, ಫಾಫ್ಡಾ ಕಟ್ಟಿಸಿಕೊಂಡು ಬಂದು ಉರ್ವಿಯ ಮಡಿಲಲ್ಲಿಟ್ಟಳು. ಉರ್ವಿ ತಿಂದಳು. ಜಿಲೇಬಿ ಚೆನ್ನಾಗಿಯೇ ಇತ್ತು. ಅದಕ್ಕೂ ಅವಳಿಗೆ ಮೈ ಉರಿಯಿತು.

ಮನೆಯಲ್ಲಿ ಅತ್ತೆ ವಸುಮತಿಬೆನ್ ಉತ್ತರಾಯಣಕ್ಕೆ ಎಳ್ಳಿನ ಚಿಕ್ಕಿ ಮಾಡಲು ಬೆಲ್ಲ ಕುಟ್ಟುತ್ತಿದ್ದರು. ನೋವು ಬರಿಸುವ ಮಾತು ಕೇಳಿ ಕುಟ್ಟಾಣಿ ನಿಲ್ಲಿಸಿದರು.

"ಕಮುರ್ತಾದಲ್ಲಾ? ಬೇಟಾ, ಈ ತಿಂಗಳು ನಾವು ಹೊಸ ಪಾತ್ರೆ ಕೂಡ ತರೋಲ್ಲ. ತಾನಾಗೇ ಬಂದ್ರೆ ಅದು ದೇವರಿಷ್ಟ, ಬರ್ಲಿ. ನಾವೇ ಕೈಯಾರೆ ದಿನ ಗೊತ್ತು ಮಾಡಿ, ಅದೂ ಧನುರ್ಮಾಸದಲ್ಲಿ, ಮಗೂನ ಈಚೆಗೆ ಎಳ್ಕೋಬೇಕಾ? ಇನ್ನೇನು ಉತ್ತರಾಯಣ ಬಂದೇಬಿಡ್ತು. ಸೂರ್ಯ ಮಕರಕ್ಕೆ ಬರ್ಲಿ, ಆಮೇಲೆ ಆ ಡಾಕ್ಟ್ರು ಏನು ಬೇಕಾದ್ರೂ ಮಾಡ್ಲಿ."

"ಮಮ್ಮಿ, ನಾನು ಹೇಳಿದ್ದಕ್ಕೂ ನೀವು ಹೇಳ್ತಿರೋದಕ್ಕೂ ಸಂಬಂಧ ಇಲ್ಲ," ಎಂದಳು ಫಾಲ್ಗುಣಿ. ಪಂಚಾಂಗ ಕಂಡರಾಗದವಳು ಅವಳು.

"ಆಯ್ತಲ್ಲ, ಬೇಡ ಅಂತ ತಾನೆ ಇಬ್ಬರೂ ಹೇಳಿದ್ದು?" ವಸುಮತಿಬೆನ್ ಮತ್ತೆ ಕುಟ್ಟತೊಡಗಿದರು.

ತಾಯಿ ಮಗಳು ಯಾವತ್ತೂ ಒಂದು ವಿಷಯಕ್ಕೂ ಒಪ್ಪಿದವರಲ್ಲ. ಕೊತ್ತಂಬರಿ ಸೊಪ್ಪು ಎಲ್ಲಿ ಕೊಳ್ಳಬೇಕೆಂಬುದಕ್ಕೂ ಜಗಳವಾಡಿದವರು. ಇದೊಂದರಲ್ಲಿ ಮಾತ್ರ, ಒಬ್ಬಳು ಕಾನೂನು ಹಿಡಿದು, ಇನ್ನೊಬ್ಬಳು ಪಂಚಾಂಗ ಹಿಡಿದು, ಒಂದೇ ಕಡೆ ಬಂದು ನಿಂತರು. ಉರ್ವಿಯ ಹಣೆಬರಹ ನೋಡಿ.

ಗಂಡ ನಿಮೇಶ್ ಉಗ್ರಾಣದ ಕೆಲಸ ಮುಗಿಸಿ ಬಂದು ಬೂಟು ಬಿಚ್ಚುತ್ತಲೇ ಕೇಳಿದ, "ಅಕ್ಕ ಏನಂದ್ಲು?"

"ಅಕ್ಕ ಏನಂದ್ರು ಅಂತ ಕೇಳ್ತೀರಿ. ನಾನೇನಂತೀನಿ ಅಂತ ಕೇಳಿ."

ಅವನು ನಕ್ಕ. "ಸರಿ ಮಹಾರಾಣಿ, ನೀನೇನಂತೀಯ?"

"ಈ ವಾರವೇ ಆಗ್ಲಿ. ನನಗೆ ಕಾಯೋಕೆ ಭಯ."

ನಿಮೇಶ್ ಗಂಭೀರವಾಗಿ ತಲೆಯಾಡಿಸಿದ. ನಿಜಕ್ಕೂ ಕೇಳಿಸಿಕೊಂಡ. ಆಮೇಲೆ ಹೇಳಿದ, "ಆಯ್ತು. ಅಕ್ಕನಿಗೆ ಹೇಳ್ತೀನಿ."

ಹೇಳಿದ ಕೂಡ. ಅಕ್ಕ ತಕ್ಷಣ ಫೋನು ಮಾಡಿ ಉರ್ವಿಗೆ ಧೈರ್ಯ ತುಂಬಿದಳು. ಬಹಳ ಹೊತ್ತು ತುಂಬಿದಳು. ಫೋನು ಇಡುವ ಹೊತ್ತಿಗೆ ಉರ್ವಿಯ ಕಿವಿ ಬಿಸಿಯಾಗಿತ್ತು, ವಿಷಯ ಇದ್ದಲ್ಲೇ ಇತ್ತು.

ಮರುದಿನ ಯಾರಿಗೂ ಹೇಳದೆ ಅವಳೇ ಆಸ್ಪತ್ರೆಗೆ ಫೋನು ಹಚ್ಚಿದಳು. ಕಾಯಿರಿ ಎಂದು ಒಂದು ಧ್ವನಿ ಹೇಳಿತು, ಸಂಗೀತ ಬಂತು, ಮತ್ತೆ ಕಾಯಿರಿ ಎಂದಿತು. ಕೊನೆಗೆ ಸಿಕ್ಕ ಹೆಂಗಸು ಪಟಪಟನೆ ಓದಿದಳು: ಈ ಬಗ್ಗೆ ಕುಟುಂಬದ ಜೊತೆ ಮಾತಾಗಿದೆ, ಕುಟುಂಬದವರು ಬೇಡ ಎಂದಿದ್ದಾರೆ, ಮುಂದಿನ ತಪಾಸಣೆ ನಲವತ್ತೊಂದನೆಯ ವಾರಕ್ಕೆ, ಬೇರೇನಾದರೂ ಇದೆಯೇ? ಉರ್ವಿ 'ನಾನು' ಎಂದು ಶುರು ಮಾಡಿದಳು. ಧನ್ಯವಾದ ಎಂದು ಅತ್ತ ಕಡೆಯಿಂದ ಫೋನು ಇಟ್ಟಾಯಿತು.

ಕುಟುಂಬವಂತೆ, ಕುಟುಂಬ. ಒಂಬತ್ತು ತಿಂಗಳು ವಾಂತಿ ಮಾಡಿಕೊಂಡದ್ದು ಕುಟುಂಬವೇ? ರಾತ್ರಿಯೆಲ್ಲ ಕಾಲು ಸೆಳೆತಕ್ಕೆ ಎದ್ದು ಕೂತದ್ದು ಕುಟುಂಬವೇ? ಉರ್ವಿ ದಿಂಬಿಗೆ ಒಂದು ಗುದ್ದಿದಳು. ಮಗು ಒಳಗಿಂದ ಒಂದು ಒದೆ ಕೊಟ್ಟಿತು. ಸದ್ಯ, ಕೇಳಿಸಿಕೊಳ್ಳುವವರು ಒಬ್ಬರಾದರೂ ಇದ್ದಾರಲ್ಲ ಎನಿಸಿ ನಗುವೂ ಬಂತು, ಅಳುವೂ ಬಂತು.

ಉತ್ತರಾಯಣದ ಹಿಂದಿನ ದಿನ ಬೆಳಿಗ್ಗೆ ಆ ಒದೆ ಬರಲಿಲ್ಲ.

ಮೊದಲು ಅವಳು ಗಮನಿಸಲಿಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಕುಕ್ಕರ್ ಕೂಗಿದಾಗಲೆಲ್ಲ ಮಗು ಬೆಚ್ಚಿ ಮಿಸುಕುತ್ತಿತ್ತು, ಇವತ್ತು ಇಲ್ಲ. ಇನ್ನೊಂದು ಸಲ ಕೂಗಿತು. ಇಲ್ಲ. ಉರ್ವಿ ತಣ್ಣೀರು ಕುಡಿದಳು, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡಳು, ಎಡಕ್ಕೆ ಮಗ್ಗಲಾಗಿ ಮಲಗಿ ಹೊಟ್ಟೆ ಮೇಲೆ ಕೈಯಿಟ್ಟುಕೊಂಡಳು. ಎಲ್ಲೋ ದೂರದಲ್ಲಿ ಒಂದು ಸಣ್ಣ ಅಲುಗಾಟ ಬಂದ ಹಾಗಾಯಿತು. ಬಂತೋ, ತಾನೇ ಅಂದುಕೊಂಡೆನೋ ತಿಳಿಯಲಿಲ್ಲ.

"ಮಮ್ಮಿ, ಮಗು ಆಡ್ತಾ ಇಲ್ಲ."

ವಸುಮತಿಬೆನ್ ಎಳ್ಳು ಹುರಿಯುತ್ತಿದ್ದರು. "ಹೆರಿಗೆ ಹತ್ತಿರ ಬಂದಾಗ ಸುಮ್ಮನಾಗುತ್ತೆ ಬೇಟಾ. ಒಳಗೆ ಜಾಗ ಎಲ್ಲಿರುತ್ತೆ? ನನಗೂ ಹಾಗೇ ಆಗಿತ್ತು. ನಾಳೆ ಒಂದು ದಿನ ಕಳೀಲಿ."

ಉರ್ವಿ ಫಾಲ್ಗುಣಿಗೆ ಫೋನು ಮಾಡಿದಳು. ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಸಂದೇಶ ಬಂತು: ಕೋರ್ಟಿನಲ್ಲಿದ್ದೀನಿ, ಸಂಜೆ ಬಂದ ಕೂಡಲೇ ಜೊತೆಗೇ ಹೋಗೋಣ, ಒಬ್ಬಳೇ ಹೋಗಬೇಡ, ನಿನ್ನನ್ನು ಹೆದರಿಸಿ ಕೊಯ್ದುಬಿಡುತ್ತಾರೆ.

ಉರ್ವಿ ಅದನ್ನು ಎರಡು ಸಲ ಓದಿದಳು. ಇಷ್ಟು ದಿನ ಎಲ್ಲೆಲ್ಲೋ ಹಂಚಿಹೋಗಿದ್ದ ಸಿಟ್ಟೆಲ್ಲ ಒಟ್ಟಿಗೆ ಬಂದು ಎದೆಯಲ್ಲಿ ಕೂತಿತು. ಅವಳು ಎದ್ದು ಕೋಟು ಹಾಕಿಕೊಳ್ಳತೊಡಗಿದಳು. ಗುಂಡಿ ಹೊಟ್ಟೆಗೆ ಸೇರಲಿಲ್ಲ, ಹಾಗೇ ಬಿಟ್ಟಳು.

"ಎಲ್ಲಿಗೆ?"

"ಆಸ್ಪತ್ರೆಗೆ."

"ಫಾಲ್ಗುಣಿ ಬಂದುಬಿಡ್ಲಿ. ನೀನೊಬ್ಬಳೇ ಹೋಗಿ ಅಲ್ಲಿ ಏನಂತ ಮಾತಾಡ್ತೀಯ?"

"ಮಗು ಫಾಲ್ಗುಣಿಬೆನ್ ಹೊಟ್ಟೇಲಿಲ್ಲ ಮಮ್ಮಿ!" ಆ ಮನೆಯಲ್ಲಿ ಉರ್ವಿಯ ದನಿ ಅಷ್ಟು ಎತ್ತರಕ್ಕೆ ಹೋದದ್ದು ಅದೇ ಮೊದಲು. "ನನ್ನ ಹೊಟ್ಟೇಲಿದೆ! ಉತ್ತರಾಯಣ ಅದಕ್ಕೇನು ಗೊತ್ತು? ಕಾನೂನು ಅದಕ್ಕೇನು ಗೊತ್ತು? ಅದು ಆಡ್ತಾ ಇಲ್ಲ, ಅಷ್ಟೇ ನನಗೆ ಗೊತ್ತು!"

ವಸುಮತಿಬೆನ್ ಸೌಟು ಹಿಡಿದು ನಿಂತೇ ಇದ್ದರು. ಬಾಣಲೆಯಲ್ಲಿ ಎಳ್ಳು ಸೀಯುತ್ತಿತ್ತು. ಅವರು ಸೊಸೆಯ ಮುಖವನ್ನೇ ನೋಡಿದರು, ಒಲೆ ಆರಿಸಿದರು, ಸೀರೆಯ ಮೇಲೆ ನಿಮೇಶನ ದಪ್ಪ ಜಾಕೀಟು ಏರಿಸಿ, "ಬಸ್ಸಿನಲ್ಲಿ ಬೇಡ, ಟ್ಯಾಕ್ಸಿ ಕರೀತೀನಿ. ಹಠಮಾರಿ," ಎಂದರು. ದಾರಿಯುದ್ದಕ್ಕೂ ಸೊಸೆಯ ಕೈ ಬಿಡಲಿಲ್ಲ, ಜಪವನ್ನೂ ಬಿಡಲಿಲ್ಲ.

ಹೆರಿಗೆ ವಿಭಾಗದ ಬಾಗಿಲಲ್ಲಿ ಸಿಕ್ಕವಳು ಮಾರ್ವಾ ಎಂಬ ನರ್ಸು. ಅವಳ ಅಪ್ಪ ಅಮ್ಮ ಜಮೈಕಾದಿಂದ ಬಂದವರು. ಕಂಪ್ಯೂಟರಿನಲ್ಲಿ ಉರ್ವಿಯ ಹೆಸರು ತೆಗೆದು ಹುಬ್ಬೇರಿಸಿದಳು.

"ಇಲ್ಲಿ ಏನೋ ಬರೆದಿದ್ದಾರಲ್ಲ, ಜನಾಂಗದ ಕಾರಣಕ್ಕೆ ಯಾವ ಚಿಕಿತ್ಸೆಯೂ ಬೇಡ, ಏನಿದ್ರೂ ಗಂಡನ ಅಕ್ಕನ ಮೂಲಕ ಮಾತಾಡಿ ಅಂತ. ಆಕೆಗೆ ಫೋನು ಮಾಡ್ಲಾ ಕಂದಾ?"

ಈ ಸಲ ಉರ್ವಿ ವಾಕ್ಯ ಜೋಡಿಸಲು ಹೋಗಲಿಲ್ಲ. ಕೈಗೆ ಸಿಕ್ಕ ಪದಗಳನ್ನು ಎತ್ತಿ ಎಸೆದಳು. "ಬೇಡ. ಆಕೆ ಬೇಡ. ನಾನು. ಮಗು ಸುಮ್ಮನಿದೆ. ಬೆಳಿಗ್ಗೆಯಿಂದ ಸುಮ್ಮನಿದೆ. ಈಗ ನೋಡಿ."

ಮಾರ್ವಾ ಅವಳನ್ನು ಒಳಗೆ ಕರೆದೊಯ್ದಳು. ಮಲಗಿಸಿ ಹೊಟ್ಟೆಗೆ ಯಂತ್ರದ ಪಟ್ಟಿ ಕಟ್ಟಿದಳು. ಯಂತ್ರದಲ್ಲಿ ಮಗುವಿನ ಎದೆಬಡಿತ ಕೇಳಿಸಿತು, ಆಮೇಲೆ ನಿಧಾನವಾಯಿತು, ತೀರಾ ನಿಧಾನವಾಯಿತು, ಮತ್ತೆ ಕಷ್ಟಪಟ್ಟು ಮೇಲೆದ್ದಿತು. ಮಾರ್ವಾ ಗೋಡೆಯ ಮೇಲಿನ ಗುಂಡಿ ಒತ್ತಿದಳು. ಕೋಣೆ ತುಂಬ ಜನ ಬಂದರು. ಯಾರೋ ಏನೋ ಓದಿ ಹೇಳಿ ಸಹಿ ಮಾಡುತ್ತೀರಾ ಎಂದರು. ಉರ್ವಿ ಮಾಡಿದಳು. ಮಂಚ ಸಮೇತ ಶಸ್ತ್ರಚಿಕಿತ್ಸೆಗೆ ತಳ್ಳಿಕೊಂಡು ಹೋಗುವಾಗ ಅತ್ತೆಯ ಮುಖ ಕಂಡಿತು. ಜಪ ನಿಂತಿತ್ತು, ತುಟಿ ಮಾತ್ರ ಅಲುಗುತ್ತಿತ್ತು.

ಹೆಣ್ಣು ಮಗು. ಬದುಕಿತು. ಎರಡು ಅಂಗೈಯಲ್ಲಿ ಹಿಡಿಯಬಹುದಾದಷ್ಟು ಸಣ್ಣದು, ಯಾವ ಜನದ ಲೆಕ್ಕಕ್ಕೂ ಸಣ್ಣದು. ರಕ್ತದಲ್ಲಿ ಸಕ್ಕರೆ ಇಳಿದಿದೆ ಎಂದು ಬೇರೆ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಬೆಚ್ಚಗಿಟ್ಟರು. ನಿಮೇಶ್ ಅದನ್ನು ನೋಡಿ ಬಂದು ಹೆಂಡತಿಯ ಮಂಚದ ಪಕ್ಕ ಕೂತು ಗಂಡಸರು ಅಳಬಾರದ ಹಾಗೆ ಅತ್ತ.

ಮರುದಿನ ಬೆಳಿಗ್ಗೆ ಡಾಕ್ಟರ್ ಹ್ಯಾಲೆಟ್ ಬಂದ. ಮಂಚದ ಬುಡದಲ್ಲಿ ನಿಂತು, ಮಾಸು ಪೂರ್ತಿ ಹಳಸಿಹೋಗಿತ್ತು, ಕೆಲವು ದಿನಗಳಿಂದ ಮಗುವಿಗೆ ಸರಿಯಾಗಿ ಏನೂ ತಲುಪುತ್ತಿರಲಿಲ್ಲ, ಇನ್ನೊಂದು ದಿನ ಕಾದಿದ್ದರೆ ಹೇಳಲಾಗುತ್ತಿರಲಿಲ್ಲ ಎಂದು ತಡವರಿಸುತ್ತ ಹೇಳಿದ. ಬಾಗಿಲಲ್ಲಿ ಫಾಲ್ಗುಣಿ ನಿಂತಿದ್ದಳು. ರಾತ್ರಿಯಿಡೀ ಅತ್ತು ಮುಖ ಊದಿತ್ತು. ಮಾತು ಪೂರ್ತಿ ಕೇಳಿಸಿಕೊಂಡು ಒಳಗೆ ಬಂದಳು.

"ಇಷ್ಟೆಲ್ಲ ಗೊತ್ತಿತ್ತಲ್ಲ ನಿಮಗೆ? ಆವತ್ತು ಯಾಕೆ ಒತ್ತಾಯ ಮಾಡ್ಲಿಲ್ಲ? ಬಿಳಿ ಹೆಂಗಸಾಗಿದ್ರೆ ಕೂರಿಸಿಕೊಂಡು ಮನವರಿಕೆ ಮಾಡ್ತಿರಲಿಲ್ವಾ? ಇವಳು ಏಷ್ಯಾದವಳು ಅಂತ ತಾನೆ ಹೋಗ್ಲಿ ಬಿಡು ಅಂದ್ರಿ? ನಾನು ಇದನ್ನ ಇಲ್ಲಿಗೇ ಬಿಡೋಲ್ಲ. ದೂರು ಕೊಡ್ತೀನಿ. ಉರ್ವಿ ಪರವಾಗಿ ನಾನೇ—"

"ಬೇಡ," ಎಂದಳು ಉರ್ವಿ.

ಹೊಲಿಗೆ ಎಳೆಯುತ್ತಿತ್ತು. ಆದರೂ ಮೊಣಕೈ ಊರಿ ಸ್ವಲ್ಪ ಮೇಲೆದ್ದಳು. ಇಬ್ಬರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಹೇಳಿದಳು, ತಪ್ಪು ತಪ್ಪಾಗಿ, ನಿಂತು ನಿಂತು.

"ಅವರು ಹೇಳಿದ್ರು. ನಾನು ಕೇಳಿಸ್ಕೊಂಡೆ. ಹೌದು ಅಂತ ಹೇಳೋಕೆ ಹೊರಟಿದ್ದೆ. ಬೇಡ ಅಂದಿದ್ದು ನೀವು."

"ನನಗೆ ಹೇಳ್ಬಾರ್ದಿತ್ತಾ ಉರ್ವಿ? ಒಂದು ಮಾತು..."

"ಕಾರಲ್ಲಿ ಹೇಳ್ದೆ. ನಿಮೇಶ್ ಹತ್ರ ಹೇಳಿಸ್ದೆ. ನೀವು ಧೈರ್ಯ ಹೇಳಿದ್ರಿ." ಉರ್ವಿ ಡಾಕ್ಟರ ಕಡೆ ತಿರುಗಿದಳು. "ನೀವೂ ಅಷ್ಟೇ. ನಿರ್ಧಾರ ನಿಮ್ಮದು ಅಂದ್ರಿ, ಇವರ ಮುಖ ನೋಡ್ಕೊಂಡು. ನಾನು ಅಲ್ಲೇ ಕೂತಿದ್ದೆ."

ಡಾಕ್ಟರ ಕಿವಿಯಿಂದ ಕುತ್ತಿಗೆಯವರೆಗೂ ಕೆಂಪು ಇಳಿಯಿತು. ಅವನು ತಲೆ ತಗ್ಗಿಸಿದ.

ಫಾಲ್ಗುಣಿ ಒಂದು ಹೆಜ್ಜೆ ಮುಂದೆ ಬಂದಳು. "ಆದ್ರೆ ನಾನು ಕೇಳಿದ್ದು ತಪ್ಪಾ? ಸಣ್ಣದಾದ್ರೂ ಸರಿ ಅಂತಾರೆ, ಆಮೇಲೆ ಅಪಾಯ ಅಂತಾರೆ. ಅದಕ್ಕೆ ಇವರು ಉತ್ತರ ಕೊಡ್ಬೇಕೋ ಬೇಡ್ವೋ?"

"ತಪ್ಪಲ್ಲ ಬೆನ್." ಈಗ ಉರ್ವಿಗೆ ಇಂಗ್ಲಿಷ್ ಸಾಲದಾಯಿತು, ಗುಜರಾತಿಗೆ ಬಂದಳು. "ಕೊಡ್ಲೇಬೇಕು. ಮಗು ಸಣ್ಣ ಇದೆ ಅಂದಾಗ ನಮ್ಮ ಜನ ಅಂತ ಗೆರೆ ಯಾಕೆ ಕೆಳಗಿಳಿಸಿದ್ರು, ಕೇಳಿ. ದೂರು ಕೊಡಿ, ಜಗಳ ಆಡಿ, ನಾನೂ ಬರ್ತೀನಿ. ಆದ್ರೆ ನಿಮ್ಮ ಪ್ರಶ್ನೆಗೆ ಉತ್ತರ ಬರೋವರೆಗೂ ನನ್ನ ಮಗು ಯಾಕೆ ಒಳಗೆ ಕಾಯ್ಬೇಕಿತ್ತು?"

ಡಾಕ್ಟರಿಗೆ ಗುಜರಾತಿ ತಿಳಿಯದಿದ್ದರೂ ಏನಾಯಿತೆಂದು ತಿಳಿದ ಹಾಗಿತ್ತು. ಫಾಲ್ಗುಣಿ ಕುರ್ಚಿಯ ಬೆನ್ನು ಹಿಡಿದು ಮೆಲ್ಲಗೆ ಕೂತಳು.

ಅಷ್ಟರಲ್ಲಿ ಮಾರ್ವಾ ಗಾಲಿಕುರ್ಚಿ ತಳ್ಳಿಕೊಂಡು ಬಂದಳು. "ಮಗು ನೋಡೋಕೆ ಹೋಗೋಣ್ವಾ? ಜೊತೆಗೆ ಒಬ್ಬರು ಬರಬಹುದು. ಯಾರು ಬರ್ತೀರಿ?"

ಫಾಲ್ಗುಣಿ ರೂಢಿಯಂತೆ ಎದ್ದುಬಿಟ್ಟಳು. ಎದ್ದ ಮೇಲೆ ಉರ್ವಿಯ ಕಡೆ ನೋಡಿದಳು.

"ಯಾರೂ ಬೇಡ," ಎಂದಳು ಉರ್ವಿ. "ನಾನೊಬ್ಬಳೇ ಹೋಗ್ತೀನಿ."

ಫಾಲ್ಗುಣಿ ಹೋಗಿ ಬಾಗಿಲು ತೆರೆದು ಹಿಡಿದಳು. ಗಾಲಿಕುರ್ಚಿ ದಾಟಿಹೋಗುವವರೆಗೂ ಅವಳು ಅದನ್ನು ಹಿಡಿದೇ ಇದ್ದಳು.